ಕರಿ ಔತಣ: ಮಾರ್ಗರೆಟ್ ಕೇಳಿದ ಪ್ರಶ್ನೆ

ಪುಟ್ಟಣ್ಣ ಭಾಗವತರು ಪದ್ಯದ ಕೊನೆಯ ಸಾಲನ್ನು ಎಳೆದು ಹಾಡಿ, ಜಾಗಟೆಗೆ ಒಂದು ಪೆಟ್ಟು ಕೊಟ್ಟು ನಿಲ್ಲಿಸಿದರು. ಪುಚೊಂಗಿನ ಅವರ ಮನೆಯಿಂದ ಆ ಪೆಟ್ಟು ಸುಬಾಂಗ್ ಜಯಾದ ಐತಪ್ಪನ ಲ್ಯಾಪ್‌ಟಾಪಿಗೆ ಅರೆಗಳಿಗೆ ತಡವಾಗಿ ಬಂತು. ಇನ್ನು ಮಾತಿನ ಸರದಿ ಐತಪ್ಪನದು.

ಐತಪ್ಪ ಗಂಟಲು ಸರಿಮಾಡಿಕೊಂಡ. ಪುತ್ತೂರು ಕಡೆಯ ಠಾಣೆಗಳಲ್ಲಿ ಕೆಲಸ ಮಾಡಿ, ಸಬ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು ಅವನು. ಮಗಳನ್ನು ನೋಡಿ ಹೋಗಲು ಬಂದಿದ್ದ. ಅಷ್ಟರಲ್ಲಿ ಕೊರೋನಾ ಬಂತು, ವಿಮಾನ ನಿಂತಿತು, ಎಂಸಿಒ ಎಂದು ಇಡೀ ಮಲೇಷ್ಯಾಕ್ಕೆ ಬೀಗ ಬಿತ್ತು. ಪೊದೆಮೀಸೆಯ ಆ ಮನುಷ್ಯ ಈಗ ಆರು ಶತಮಾನಗಳ ಹಿಂದಿನ ಸ್ಕಾಟ್ಲೆಂಡಿನ ಒಬ್ಬ ಎಳೆಯ ಹುಡುಗಿಯಾಗಿ ಮಾತಾಡಬೇಕಿತ್ತು.

"ಮೀಸೆಯ ಮಾರ್ಗರೆಟ್ ಅಕ್ಕ, ಜಾಗ್ರತೆ. ನಿಮ್ಮ ಚಿಕ್ಕಜ್ಜ ಮಾತಲ್ಲಿ ಸುಲಭಕ್ಕೆ ಸೋಲುವ ಜನ ಅಲ್ಲ," ಎಂದು ಭಾಗವತರು ಶುರುವಿಗೆ ಮೊದಲೇ ತಮಾಷೆ ಮಾಡಿದ್ದರು. ಯಾರೂ ನಕ್ಕಿರಲಿಲ್ಲ.

ನಗುವ ಹೊತ್ತೂ ಅದಾಗಿರಲಿಲ್ಲ. ಹಿಂದಿನ ಭಾನುವಾರದ ಮಧ್ಯಾಹ್ನ ಇದೇ ಪರದೆಯ ಮೇಲೆ, ಇಷ್ಟೇ ಜನರ ಕಣ್ಣೆದುರು, ಕಾರ್ತಿಕ ಸತ್ತಿದ್ದ. ಅವನಿಗೆ ಪಾಯಸ ಮಾಡಿ ಕಳಿಸಿದ ಅಡುಗೆಯ ರತ್ನ ಈಗ ಪೊಲೀಸರ ವಶದಲ್ಲಿದ್ದಳು. ನಾಳೆ ಅವಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ಬೇರೆ ಏನಾದರೂ ಸಿಗದಿದ್ದರೆ ಕೊಲೆಯ ಆರೋಪ ಖಂಡಿತ.

ಪರದೆಯಲ್ಲಿ ಐತಪ್ಪನ ಎದುರಿನ ಚೌಕದಲ್ಲಿ ಡಾಕ್ಟರ್ ಶ್ರೀಪತಿ ಕುಳಿತಿದ್ದರು. ಪೆಟಾಲಿಂಗ್ ಜಯಾದ ಮನೆ, ಹಿಂದೆ ಪುಸ್ತಕದ ಕಪಾಟು, ಹೆಗಲ ಮೇಲೆ ಜರಿಯ ಶಾಲು. ಸತ್ತ ಕಾರ್ತಿಕನ ಸ್ವಂತ ಚಿಕ್ಕಪ್ಪ. ಉಳಿದ ಚೌಕಗಳಲ್ಲಿ ಮಣಿಪಾಲ, ಉಡುಪಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಡಾಕ್ಟರುಗಳು, ಅವರ ಮನೆಯವರು.

ಮೂಲೆಯಲ್ಲಿ ಒಂದು ಚೌಕ ಮಾತ್ರ ಕಪ್ಪಗಿತ್ತು. ಕೆಳಗೆ 'ತಿಮ್ಮಪ್ಪ' ಎಂಬ ಹೆಸರು. ರತ್ನಳ ಗಂಡ ದುಃಖದಲ್ಲಿದ್ದಾನೆ, ಮುಖ ತೋರಿಸಲು ಮನಸ್ಸಿಲ್ಲ ಎಂದು ಎಲ್ಲರೂ ತಿಳಿದಿದ್ದರು. ತಿಮ್ಮಪ್ಪ ಕುಳಿತದ್ದು ಪೊಲೀಸ್ ಠಾಣೆಯಲ್ಲಿ, ಪಕ್ಕದಲ್ಲಿ ಇನ್ಸ್‌ಪೆಕ್ಟರ್ ಸೆಲ್ವರಾಣಿ ಇದ್ದಾರೆ, ಇಲ್ಲಿನ ಒಂದೊಂದು ಮಾತನ್ನೂ ಅವನು ಅವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಾನೆ ಎಂಬುದು ಐತಪ್ಪನಿಗೆ ಮಾತ್ರ ಗೊತ್ತಿತ್ತು. ಆ ಏರ್ಪಾಡು ಅವನದೇ. ಅರ್ಧಕ್ಕೆ ನಿಂತ ಪ್ರಸಂಗವನ್ನು ಕಾರ್ತಿಕನ ನೆನಪಿಗೆ ಮುಗಿಸೋಣ ಎಂದು ಎಲ್ಲರನ್ನೂ ಸೇರಿಸಿದವನೂ ಅವನೇ.

*

ಪ್ರಸಂಗ ಬರೆದವರು ಶ್ರೀಪತಿಯೇ. ಸರ್ಜರಿ ಓದಲು ಎಡಿನ್‌ಬರೋಗೆ ಹೋದವರು ಅಲ್ಲಿನ ಕೋಟೆಯ ಕಥೆಯನ್ನೂ ಹೊತ್ತುಕೊಂಡು ಬಂದಿದ್ದರು. ಮನೆಯೊಳಗೆ ಕೂತು ಬೇಸತ್ತ ಜನರಿಗೆ ಭಾನುವಾರಕ್ಕೊಂದು ತಾಳಮದ್ದಳೆ ಆಗಲಿ, ಕೇಳಿ ಕೇಳಿ ಸವೆದ ಪುರಾಣ ಬೇಡ, ಡಗ್ಲಸ್ ಮನೆತನದ ಏಳುಬೀಳು ಇರಲಿ ಎಂದು ಹಟ ಹಿಡಿದು ಬರೆದಿದ್ದರು.

ಕಥೆ ಐತಪ್ಪನಿಗೆ ಬಹಳ ಹಿಡಿಸಿತ್ತು. ಆ ಮನೆಯ ಹಿರಿಯನೊಬ್ಬ ಬ್ರೂಸ್ ದೊರೆಯ ಬಲಗೈ. ದೊರೆ ಸತ್ತಾಗ ಅವನ ಹೃದಯವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು ಯುದ್ಧಕ್ಕೆ ಹೋಗಿ ಮಡಿದವನು. ಅಲ್ಲಿಂದ ಮನೆ ಏರಿತು. ಎಷ್ಟು ಏರಿತೆಂದರೆ, ಅರಮನೆಯವರಿಗೇ ನಿದ್ದೆ ಬಾರದಾಯಿತು.

ಆಗ ಆ ಮನೆಯ ಪಟ್ಟದಲ್ಲಿದ್ದವನು ಮೀಸೆ ಮೂಡುವ ವಯಸ್ಸಿನ ವಿಲಿಯಂ ಡಗ್ಲಸ್. ಮಂತ್ರಿ ಕ್ರೈಟನ್ ಅವನನ್ನೂ ಅವನ ತಮ್ಮನನ್ನೂ ಎಡಿನ್‌ಬರೋ ಕೋಟೆಗೆ ಊಟಕ್ಕೆ ಕರೆದ. ಊಟದ ಕೊನೆಗೆ ಕರಿ ಎತ್ತಿನ ತಲೆಯೊಂದನ್ನು ತಂದು ಹುಡುಗರ ಮುಂದೆ ಇಟ್ಟರು ಎಂದು ಕಥೆ ಹೇಳುತ್ತದೆ. ಅದು ಸಾವಿನ ಗುರುತು. ಇಬ್ಬರನ್ನೂ ಎಳೆದೊಯ್ದು ತಲೆ ಕಡಿದರು. ಉಳಿದವಳು ಅವರ ತಂಗಿ ಮಾರ್ಗರೆಟ್.

ಇದನ್ನೇ ಶ್ರೀಪತಿ 'ಕರಿ ಔತಣ' ಎಂದು ಬರೆದರು. ಪದ್ಯದಲ್ಲಿ ಊಟ ಬಂದಾಗ ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಒಂದೇ ಅಡುಗೆ ಉಣ್ಣಬೇಕು ಎಂಬ ಸಲಹೆಯೂ ಅವರದೇ. ಎತ್ತಿನ ತಲೆಗೆ ಬದಲು ಕರಿ ಅಕ್ಕಿಯ ಪಾಯಸ. ಇಲ್ಲಿನವರು ಪುಲುತ್ ಹಿತಾಮ್ ಅನ್ನುವ ಆ ಅಕ್ಕಿಗೆ ರತ್ನ ಬೆಲ್ಲ, ತೆಂಗಿನ ಹಾಲು, ಹುರಿದ ನೆಲಗಡಲೆಯ ಪುಡಿ ಹಾಕಿ ಪಾಯಸ ಮಾಡಿದಳು. ಮನೆ ಮನೆಗೂ ತಪಾವ್, ಅಂದರೆ ಪಾರ್ಸೆಲ್, ಕಟ್ಟಿ ಕಳಿಸಿದಳು.

ಕಾರ್ತಿಕನಿಗೆ ನೆಲಗಡಲೆ ವಿಷ. ಒಂದು ಚೂರು ಹೊಟ್ಟೆಗೆ ಹೋದರೂ ಗಂಟಲು ಊದಿ ಉಸಿರು ಕಟ್ಟುತ್ತಿತ್ತು. ಅದಕ್ಕೇ ಅವನು ಚುಚ್ಚಿಕೊಳ್ಳುವ ಔಷಧಿಯ ಪೆನ್ನನ್ನು ಯಾವಾಗಲೂ ಹತ್ತಿರದಲ್ಲೇ ಇಟ್ಟುಕೊಳ್ಳುತ್ತಿದ್ದ. ಅದು ರತ್ನಳಿಗೆ ಚೆನ್ನಾಗಿ ಗೊತ್ತಿತ್ತು. ಅವನ ಪಾಯಸವನ್ನು ಬೇರೆ ಪಾತ್ರೆಯಲ್ಲಿ, ಮೊದಲೇ ಮಾಡಿಟ್ಟಿದ್ದಳು. ಉಳಿದವರ ಪಾಯಸದ ಪ್ಲಾಸ್ಟಿಕ್ ಚೀಲಗಳಿಗೆ ಹಳದಿ ರಬ್ಬರ್ ಬ್ಯಾಂಡ್, ಅವನದಕ್ಕೆ ಕೆಂಪು.

ವಿಲಿಯಮನ ಅರ್ಥ ಹೇಳುತ್ತಿದ್ದವನು ಕಾರ್ತಿಕನೇ. ಕೆಂಪು ಬ್ಯಾಂಡ್ ಬಿಚ್ಚಿ, ಬಟ್ಟಲಿಗೆ ಸುರಿದು, ಉಂಡ. ಎರಡು ಮಾತಾಡಿದ. ಮೂರನೆಯದು ಬರಲಿಲ್ಲ. ಕೊರಳು ಹಿಡಿದುಕೊಂಡ, ಕಣ್ಣು ಮೇಲೆ ಮಾಡಿದ, ಬಲಗಡೆಗೆ ಕೈ ಚಾಚಿದ.

ಎಲ್ಲರೂ ಚಪ್ಪಾಳೆ ತಟ್ಟಿದರು.

ಐತಪ್ಪನೂ ತಟ್ಟಿದ್ದ. ಆ ಚಪ್ಪಾಳೆಯ ಸದ್ದು ಈ ವಾರವೆಲ್ಲ ಅವನ ಅಂಗೈಯಲ್ಲೇ ಉಳಿದಿತ್ತು. ಲ್ಯಾಪ್‌ಟಾಪು ಮಗುಚಿ ಚೌಕದಲ್ಲಿ ಬರೀ ಛಾವಣಿ ಕಂಡಾಗಲೂ ಜನ ತಲೆದೂಗುತ್ತಿದ್ದರು. ಕೊನೆಗೆ ಹಾಡು ನಿಲ್ಲಿಸಿ, ಕಾರ್ತಿಕನ ಕಾಂಡೋ ಕಟ್ಟಡದ ಕಾವಲಿನವನಿಗೆ ಫೋನ್ ಮಾಡಿದವರು ಪುಟ್ಟಣ್ಣ. ಬಾಗಿಲು ತೆರೆದಾಗ ಹೊತ್ತು ಮೀರಿತ್ತು.

*

ಸೆಲ್ವರಾಣಿಯವರ ಲೆಕ್ಕ ಸುಲಭದ್ದು. ಕಾರ್ತಿಕನ ಕಸದ ಬುಟ್ಟಿಯಲ್ಲಿ ಎರಡು ಪಾಯಸದ ಚೀಲ, ಎರಡು ಬ್ಯಾಂಡ್ ಸಿಕ್ಕಿದ್ದವು. ಒಂದು ಕೆಂಪು, ಒಂದು ಹಳದಿ. ಒಂಟಿ ಮನುಷ್ಯನ ಮನೆ, ಎಂಸಿಒ, ಒಳಗೆ ಯಾರೂ ಬರುವಂತಿಲ್ಲ. ಹಾಗಾದರೆ ಎರಡನ್ನೂ ರತ್ನಳೇ ಕಳಿಸಿದಳು. ತಪ್ಪಿ ಕಳಿಸಿದಳೋ ಬೇಕೆಂದೇ ಕಳಿಸಿದಳೋ ಎಂಬುದಷ್ಟೇ ಉಳಿದ ಪ್ರಶ್ನೆ. ಹಿಂದಿನ ತಿಂಗಳು ಕಾರ್ತಿಕ ತನ್ನ ಆಸ್ಪತ್ರೆಯ ಕ್ಯಾಂಟೀನಿಗೆ ರತ್ನಳ ಅಡುಗೆ ಬೇಡವೆಂದು ನಿಲ್ಲಿಸಿದ್ದ. ಕಾರಣವೂ ಸಿಕ್ಕಿತಲ್ಲ, ಎಂದು ಇನ್ಸ್‌ಪೆಕ್ಟರಮ್ಮ ಫೋನಿನಲ್ಲಿ ಹೇಳಿದ್ದರು.

ಐತಪ್ಪ ಒಪ್ಪಿರಲಿಲ್ಲ. ರತ್ನ ಅಡುಗೆ ಮಾಡುವ ರೀತಿ ಅವನಿಗೆ ಗೊತ್ತು. ಒಬ್ಬರ ಮೇಲೆ ಸಿಟ್ಟಿದ್ದರೆ ಅವಳು ಬಾಯಿ ತುಂಬ ಬೈಯುತ್ತಾಳೆ, ಆಮೇಲೆ ಉಪ್ಪಿನಕಾಯಿ ಕಟ್ಟಿ ಕೊಡುತ್ತಾಳೆ. ಎರಡು ಚೀಲ ಅಂದರೆ ಎರಡು ಬಾಯಿ. ತನ್ನ ಪಾಲಿನ ಪಾಯಸ ಹಿಡಿದುಕೊಂಡು ಯಾರೋ ಕಾರ್ತಿಕನ ಜೊತೆ ಉಣ್ಣಲು ಹೋಗಿದ್ದಾರೆ. ಅಲ್ಲಿ ಒಂದರ ಪಾಯಸ ಇನ್ನೊಂದಕ್ಕೆ ಸೇರಿದೆ.

ಅವನು ಅಡುಗೆಮನೆಯ ನಲ್ಲಿಯ ಕುತ್ತಿಗೆಗೆ ಸಿಕ್ಕಿಸಿದ್ದ ಹಳದಿ ಬ್ಯಾಂಡನ್ನು ತೆಗೆದು ಬೆರಳಿಗೆ ಸುತ್ತಿಕೊಂಡು ಇದನ್ನೆಲ್ಲ ಮಗಳಿಗೆ ವಿವರಿಸಿದ್ದ. ಬಂದ ರಬ್ಬರನ್ನೆಲ್ಲ ನಲ್ಲಿಗೆ ಸಿಕ್ಕಿಸಿಡುವುದು ಅವನ ಹಳೆಯ ಅಭ್ಯಾಸ.

ಡಾಕ್ಟರಾದ ಮಗಳು ಭವ್ಯಶ್ರೀ ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದಳು. ಈ ರೋಗದ ಕಾಲದಲ್ಲಿ ಹೊರಗಿನಿಂದ ಬಂದವಳು ಯಾರನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗುವುದು ಆ ಮನೆಯ ನಿಯಮ. ಬಲಗೈಯ ಗಡಿಯಾರ ಬಿಚ್ಚಿಟ್ಟು, ಸೋಪು ಹಚ್ಚಿ ಕೈ ತಿಕ್ಕುತ್ತಲೇ ಅಪ್ಪನ ಮಾತು ಕೇಳಿದಳು. ಎಡಗೈಯವಳಾದ್ದರಿಂದ ಗಡಿಯಾರ ಚಿಕ್ಕಂದಿನಿಂದಲೂ ಬಲಗೈಗೇ.

"ನಿಮಗೆ ಎಂತಕ್ಕೆ ಅಪ್ಪ ಈ ಊರಿನ ಉಸಾಬರಿ?" ಎಂದಳು. "ವೀಸಾದಲ್ಲಿ ಇದ್ದೀರಿ. ಪೊಲೀಸಿನವರು ನೋಡಿಕೊಳ್ತಾರೆ."

"ಪೊಲೀಸಿನವರು ಹೇಗೆ ನೋಡಿಕೊಳ್ತಾರೆ ಅಂತ ನನಗೆ ಗೊತ್ತುಂಟು ಮಗ. ನಾನೂ ಅದೇ ಮಾಡಿದ್ದಲ್ವಾ."

ಅವಳು ಮತ್ತೊಮ್ಮೆ ಸೋಪು ಹಚ್ಚಿದಳು. ನೀರು ಹರಿಯುತ್ತಲೇ ಇತ್ತು.

*

"ಪೂಜ್ಯರಾದ ಚಿಕ್ಕಜ್ಜ," ಐತಪ್ಪ ಅರ್ಥ ಶುರುಮಾಡಿದ. ಊರಿನ ಸಂಘದಲ್ಲಿ ಸ್ತ್ರೀಪಾತ್ರಕ್ಕೆ ಜನ ಸಿಗದಾಗ ಠಾಣೆಯಿಂದ ಅವನನ್ನೇ ಎಬ್ಬಿಸಿಕೊಂಡು ಹೋಗುತ್ತಿದ್ದರು. ದನಿ ತಾನಾಗಿ ಮೆತ್ತಗಾಯಿತು. "ಪಟ್ಟವೇರಿದ ತಮಗೆ ಈ ಮಾರ್ಗರೆಟಳ ನಮಸ್ಕಾರ. ಒಬ್ಬ ಅರಸನ ಹೃದಯವನ್ನು ಎದೆಗಪ್ಪಿಕೊಂಡು ಬೆಳೆದ ಮನೆ ನಮ್ಮದು. ಇಂದು ಆ ಮನೆಯಲ್ಲಿ ಗಂಡುಮಕ್ಕಳ ತಲೆಯಿಲ್ಲದ ದೇಹಗಳಿವೆ. ನನಗೊಂದು ಸಂಶಯ. ಕೇಳಬಹುದೇ?"

"ಕೇಳು ಮಗಳೇ," ಎಂದರು ಶ್ರೀಪತಿ. ಅವರದು ಜೇಮ್ಸ್ ಡಗ್ಲಸ್, ಸತ್ತ ಹುಡುಗರ ಅಜ್ಜನ ತಮ್ಮ. ಔತಣದ ಮರುದಿನವೇ ಪಟ್ಟ ಸಿಕ್ಕಿದವನು ಅವನು. "ಮನಸ್ಸಿನಲ್ಲಿಟ್ಟುಕೊಂಡು ಕೊರಗುವುದು ನಮ್ಮ ವಂಶದ ಗುಣವಲ್ಲ."

"ಊಟಕ್ಕೆ ಕರೆದವನು ಕ್ರೈಟನ್. ಬಡಿಸಿದವರು ಅವನ ಅಡುಗೆಯವರು. ಲೋಕವೆಲ್ಲ ಕರೆದವನನ್ನೂ ಬಡಿಸಿದವರನ್ನೂ ಶಪಿಸುತ್ತಿದೆ. ಆದರೆ ಆ ಊಟದಿಂದ ಹೊಟ್ಟೆ ತುಂಬಿದ್ದು ಯಾರದು?"

ಪಕ್ಕದ ಚೌಕವೊಂದರಲ್ಲಿ ಯಾರೋ ಕುರ್ಚಿ ಸರಿಸಿದರು. ಕಾರ್ತಿಕನ ಅಪ್ಪ ಕಟ್ಟಿದ ಆಸ್ಪತ್ರೆ ಈಗ ಶ್ರೀಪತಿಯವರ ಕೈಗೆ ಬರುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೆ.

ಶ್ರೀಪತಿ ಮುಗುಳ್ನಕ್ಕರು. "ಸತ್ತವರ ಪಟ್ಟವನ್ನು ಬದುಕಿದವರು ಹೊರಲೇಬೇಕು. ಅದು ಹೊಟ್ಟೆ ತುಂಬುವ ಊಟವಲ್ಲ ಮಗಳೇ, ಬೆನ್ನು ಬಗ್ಗಿಸುವ ಹೊರೆ."

"ಹಾಗಿರಲಿ. ಅಣ್ಣ ಉಸಿರಿಗಾಗಿ ಒದ್ದಾಡುವಾಗ ಸಭೆ ಏಳಲು ನೋಡಿತು. ಒಬ್ಬ ಹಿರಿಯರು ತಡೆದರು. ಬಿಡಿ, ಯಾರೂ ತಡೆಯಬೇಡಿ, ಪಾತ್ರದೊಳಗೆ ಇಳಿದಿದ್ದಾನೆ, ಭಲೇ ಎಂದರು. ಮೊದಲ ಚಪ್ಪಾಳೆ ಅವರದು. ಆಮೇಲೆ ನಮ್ಮೆಲ್ಲರದು."

ಭಾಗವತರ ಕೈ ಜಾಗಟೆಯ ಮೇಲೆ ಹಾಗೆಯೇ ನಿಂತಿತು. ಇದು ಸ್ಕಾಟ್ಲೆಂಡಿನ ಮಾತಲ್ಲ ಎಂದು ಅವರಿಗೆ ಆ ಕ್ಷಣಕ್ಕೆ ತಿಳಿಯಿತು.

ಐತಪ್ಪ ದನಿ ಏರಿಸಲಿಲ್ಲ. "ಚಿಕ್ಕಜ್ಜ, ತಾವು ನಲವತ್ತು ವರ್ಷ ಇಂತಹ ಸಭೆಗಳಲ್ಲಿ ಕುಳಿತವರು. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕೊರಳು ಹಿಡಿದು ಬೀಳುವವರಿಲ್ಲ. ಸಾವು ಬಂದರೆ ಅದನ್ನು ಮಾತಿನಲ್ಲಿ ಹೇಳಬೇಕು. ಹೊಸಬರು ಅಭಿನಯವೆಂದು ಮೋಸಹೋದರು, ನಾನೂ ಹೋದೆ. ತಾವು ಹೇಗೆ ಹೋದಿರಿ?"

ಪರದೆಯ ಮೇಲೆ ಒಂದು ಚೌಕವೂ ಅಲುಗಲಿಲ್ಲ. ಇಂಟರ್‌ನೆಟ್ ನಿಂತಿತೇನೋ ಎಂದು ಐತಪ್ಪನಿಗೆ ಒಮ್ಮೆ ಅನುಮಾನವಾಯಿತು. ಇಲ್ಲ, ಶ್ರೀಪತಿಯವರ ಕಣ್ಣ ರೆಪ್ಪೆ ಬಡಿಯಿತು.

ಒಂದು ಗುಂಡಿ ಒತ್ತಿ ಅವರು ಎದ್ದು ಹೋಗಬಹುದಿತ್ತು. ಐತಪ್ಪ ನಂಬಿದ್ದು ಒಂದೇ ವಿಷಯವನ್ನು. ಎದುರಿನವನು ಪ್ರಶ್ನೆ ಹಾಕಿದಾಗ ಉತ್ತರ ಕೊಡದೆ ಎದ್ದ ಅರ್ಥಧಾರಿ ಮತ್ತೆ ಯಾವ ಸಭೆಯಲ್ಲೂ ತಲೆಯೆತ್ತಲಾರ. ಠಾಣೆಯಲ್ಲಿ ವಕೀಲರನ್ನು ಮುಂದೆ ಬಿಟ್ಟು ಸುಮ್ಮನಿರಬಲ್ಲ ಶ್ರೀಪತಿ, ಇಲ್ಲಿ ಸುಮ್ಮನಿರಲಾರರು.

ಅವರು ಶಾಲು ಸರಿಮಾಡಿಕೊಂಡರು.

"ತಿಳಿದಿತ್ತು," ಎಂದರು.

ಯಾರೋ ಹೆಂಗಸು ಉಸಿರೆಳೆದುಕೊಂಡ ಸದ್ದು ಕೇಳಿತು.

"ಅದು ಆಟವಲ್ಲವೆಂದು ನನಗೆ ತಿಳಿದಿತ್ತು, ಮಾರ್ಗರೆಟ್. ಆದರೂ ಆಟವೆಂದೆ. ಏಕೆ ಎಂದು ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ." ಅವರ ದನಿಯಲ್ಲಿ ಈಗ ಪಾತ್ರವೂ ಇತ್ತು, ಪಾತ್ರದ ಹೊರಗಿನದೂ ಇತ್ತು. "ಆ ಮೇಜಿನ ಮುಂದೆ ಅವನು ಒಬ್ಬನೇ ಇರಲಿಲ್ಲ. ಅವನು ಕೈ ಚಾಚಿದ ಕಡೆಯಿಂದ ಇನ್ನೊಂದು ಕೈ ಬಂತು. ನೀವೆಲ್ಲ ಅವನ ಮುಖ ನೋಡುತ್ತಿದ್ದಿರಿ. ನಾನು ಆ ಕೈ ನೋಡಿದೆ. ವೈದ್ಯೆಯ ಕೈ. ಅವಳು ನೋಡಿಕೊಳ್ಳುತ್ತಾಳೆ ಎಂದು ನಂಬಿದೆ. ಮದುವೆಯಾಗದ ಹೆಣ್ಣುಮಗಳು, ಕಾಯಿದೆ ಮೀರಿ ಒಬ್ಬನ ಮನೆಯಲ್ಲಿರುವುದು ಸಭೆಗೆ ತಿಳಿಯಬಾರದು ಎಂದು ನಿಮ್ಮ ಕಣ್ಣನ್ನು ಬೇರೆಡೆಗೆ ತಿರುಗಿಸಿದೆ. ನಾನು ಮಾಡಿದ್ದು ಅಷ್ಟೇ."

ಐತಪ್ಪ ಕೇಳಿದ. "ಯಾವ ವೈದ್ಯೆ?"

"ಹೆಸರು ನಾನು ಹೇಳುವುದಿಲ್ಲ. ಗುರುತು ಹೇಳುತ್ತೇನೆ. ಬಳೆಯಿಲ್ಲ. ಗಡಿಯಾರ ಬಲಗೈಯಲ್ಲಿ." ಶ್ರೀಪತಿ ಕ್ಯಾಮೆರಾದ ಕಡೆಗೆ ಬಾಗಿದರು. "ಅಮ್ಮಾ ಮಾರ್ಗರೆಟ್, ಊರೆಲ್ಲ ವಿಚಾರಿಸಿದೆ. ನಿನ್ನ ಮನೆಯಲ್ಲಿ ಒಮ್ಮೆ ವಿಚಾರಿಸಿದೆಯಾ?"

*

ಐತಪ್ಪನಿಗೆ ಮೊದಲು ಕಂಡದ್ದು ನಲ್ಲಿ.

ಕುರ್ಚಿಯಲ್ಲಿ ಕೂತಲ್ಲಿಂದಲೇ ಅಡುಗೆಮನೆ ಕಾಣುತ್ತಿತ್ತು. ನಲ್ಲಿಯ ಕುತ್ತಿಗೆಯಲ್ಲಿ ಹಳದಿ ಬ್ಯಾಂಡ್ ಇತ್ತು. ಒಂದೇ ಒಂದು. ಆ ಭಾನುವಾರ ರತ್ನ ಈ ಮನೆಗೆ ಕಳಿಸಿದ್ದು ಎರಡು ಪಾಯಸ, ಅಪ್ಪನಿಗೊಂದು, ಮಗಳಿಗೊಂದು. ಮಗಳು ತನ್ನದನ್ನು ಡ್ಯೂಟಿಗೆ ಒಯ್ಯುತ್ತೇನೆ ಎಂದು ಚೀಲಕ್ಕೆ ಹಾಕಿಕೊಂಡಿದ್ದಳು. ಇಡೀ ವಾರ ಅವನು ಆ ಒಂಟಿ ರಬ್ಬರನ್ನು ಬೆರಳಿಗೆ ಸುತ್ತಿಕೊಂಡು ಊರಿನವರ ಮನೆಗಳನ್ನು ಲೆಕ್ಕ ಹಾಕುತ್ತಿದ್ದ.

ಕಾರ್ತಿಕನ ಮನೆ ಇದೇ ಕಾಂಡೋದಲ್ಲಿ, ನಾಲ್ಕು ಮಹಡಿ ಮೇಲೆ. ಡ್ಯೂಟಿಗೆ ಹೋದವಳು ಆ ಮಧ್ಯಾಹ್ನ ಬೇಗ ಬಂದಿದ್ದಳು. ಐತಪ್ಪ ಕಿವಿಗೆ ಹೆಡ್‌ಫೋನ್ ಹಾಕಿ ಕೂತಿದ್ದ. ಬೆನ್ನ ಹಿಂದೆ ಬಾಗಿಲು ಬಡಿದಂತಾಯಿತು, ಕಪಾಟು ತೆರೆದಂತಾಯಿತು, ಮತ್ತೆ ಬಾಗಿಲು. ಸ್ವಲ್ಪ ಹೊತ್ತಿಗೆ ಬಚ್ಚಲಿನ ನೀರು. ನಿಯಮದ ಪ್ರಕಾರ ಕೈ ತೊಳೆಯುತ್ತಿದ್ದಾಳೆ ಎಂದುಕೊಂಡಿದ್ದ. ಬೇರೆಯವರ ಮನೆಯಲ್ಲಿ ಇಷ್ಟು ಕೇಳಿದ್ದರೆ ಅವನು ಕುರ್ಚಿ ಬಿಟ್ಟು ಏಳುತ್ತಿದ್ದ.

ಅವನು ತಿರುಗಿದ. ಭವ್ಯಶ್ರೀ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಪ್ಪ ಏನೂ ಕೇಳಲಿಲ್ಲ, ಅವಳಾಗಿಯೇ ಬಂದು ಮೇಜಿನ ಮೇಲೆ ಒಂದು ವಸ್ತು ಇಟ್ಟಳು. ದಪ್ಪನೆಯ ಪೆನ್ನಿನಂಥದು. ಕಾರ್ತಿಕನ ಮನೆಯಲ್ಲಿ ಪೊಲೀಸರು ಹುಡುಕಿಯೂ ಸಿಗದಿದ್ದ ಅವನ ಔಷಧಿಯ ಪೆನ್ನು.

"ಅವನು ಕೈ ಚಾಚಿದ್ದು ನನ್ನ ಹತ್ತಿರವೇ ಅಪ್ಪ," ಎಂದಳು. ಅಳುತ್ತಿರಲಿಲ್ಲ. ಅಳು ಎಲ್ಲ ಯಾವಾಗಲೋ ಮುಗಿದಿದ್ದಂತೆ ಮುಖ ಬಿಳುಚಿತ್ತು. "ನನ್ನ ಪಾಯಸದ ಚಮಚವನ್ನೇ ತಗೊಂಡು ಅವನ ಬಟ್ಟಲಿಗೆ ಹಾಕಿದ್ದನಾ, ಗೊತ್ತಿಲ್ಲ. ನಾನು ನೋಡಲಿಲ್ಲ. ಇದನ್ನು ಚುಚ್ಚಿದೆ. ಕೂಡಲೇ ಚುಚ್ಚಿದೆ. ಸೂಜಿ ಹೋಯ್ತು, ಔಷಧಿ ಬರಲಿಲ್ಲ."

"ಬರಲಿಲ್ಲ ಅಂದರೆ?"

"ಖಾಲಿ. ಒಳಗೆ ಎಂತದೂ ಇರಲಿಲ್ಲ. ಬೇರೆ ಔಷಧಿ ತರಲಿಕ್ಕೆ ಕೆಳಗೆ ಓಡಿ ಬಂದೆ. ತಿರುಗಿ ಹೋಗುವಾಗ ಬಾಗಿಲಲ್ಲಿ ಜನ. ನಾನು... ವಾಪಸ್ ಬಂದೆ." ಅವಳು ಮೇಜಿನ ಅಂಚು ಹಿಡಿದುಕೊಂಡಳು. "ಅಪ್ಪ, ಈ ಪೆನ್ನು ಅವನಿಗೆ ತಂದುಕೊಟ್ಟದ್ದು ಅವನ ಚಿಕ್ಕಪ್ಪ. ಆ ವಾರವೇ. ಹಳೆಯದರ ಅವಧಿ ಮುಗಿದಿದೆ ಅಂತ ಹೇಳಿ ಇವರೇ ಬದಲಾಯಿಸಿ ಕೊಟ್ಟದ್ದು."

ಪೆನ್ನಿನ ಮೇಲೆ ಇದ್ದದ್ದು ಅವಳ ಬೆರಳಿನ ಗುರುತು. ಅದನ್ನು ಕೊಟ್ಟವರು ಯಾರು ಎನ್ನಲು ಇದ್ದದ್ದು ಅವಳ ಬಾಯಿಮಾತು. ಸಾವಿನ ಹೊತ್ತಿಗೆ ಆ ಮನೆಯೊಳಗೆ ಇದ್ದವಳು ಅವಳೊಬ್ಬಳೇ. ರತ್ನಳನ್ನು ಬಿಡಿಸಲು ಇಷ್ಟು ಸಾಕಿತ್ತು. ಭವ್ಯಶ್ರೀಯನ್ನು ಒಳಗೆ ಹಾಕಲೂ ಇಷ್ಟೇ ಸಾಕಿತ್ತು. ಐತಪ್ಪನೇ ಇನ್ಸ್‌ಪೆಕ್ಟರಾಗಿದ್ದರೆ ಎರಡನೆಯ ಯೋಚನೆ ಮಾಡದೆ ಜೀಪು ಕಳಿಸುತ್ತಿದ್ದ.

ಅವನು ಮೆಲ್ಲಗೆ ಲ್ಯಾಪ್‌ಟಾಪಿನ ಕಡೆ ತಿರುಗಿದ.

ಶ್ರೀಪತಿಯವರ ಮುಖದಲ್ಲಿ ನಗುವಿರಲಿಲ್ಲ. ಅವರು ಕಿವಿಗೊಟ್ಟು ಕೇಳುತ್ತಿದ್ದರು. ಪುಟ್ಟಣ್ಣ ಬಾಯಿಗೆ ಕೈ ಅಡ್ಡ ಇಟ್ಟಿದ್ದರು. ಚೌಕ ಚೌಕದಲ್ಲೂ ಜನ ಮುಂದೆ ಬಾಗಿ ಕೇಳುತ್ತಿದ್ದರು. ಐತಪ್ಪ ಮೈಕ್ ಆರಿಸಿರಲಿಲ್ಲ.

ಮೂಲೆಯ ಕಪ್ಪು ಚೌಕದ ಅಂಚು ಹಸಿರಾಗಿ ಬೆಳಗಿತು. ಮೊದಲು ಹೆಂಗಸಿನ ದನಿ, ಇಂಗ್ಲಿಷಿನಲ್ಲಿ ಏನೋ ಕೇಳಿದ್ದು ದೂರದಿಂದ ಬಂತು. ಅವರಿಗೆ ಉತ್ತರಿಸುವ ಮೊದಲು ತಿಮ್ಮಪ್ಪ ಕನ್ನಡದಲ್ಲಿ ಮಾತಾಡಿದ. ಹೆಂಡತಿ ಪೊಲೀಸರ ಕೈಗೆ ಸಿಕ್ಕ ದಿನದಿಂದ ಐತಪ್ಪನ ಮಾತೊಂದನ್ನೇ ಹಿಡಿದುಕೊಂಡು ಉಸಿರಾಡುತ್ತಿದ್ದ ಮನುಷ್ಯ.

"ಐತಪ್ಪಣ್ಣ," ಎಂದ. "ಆ ಹುಡುಗಿ ಈಗ ಏನಂದ್ಳು ಅಂತ ಇನ್ಸ್‌ಪೆಕ್ಟರಮ್ಮ ಕೇಳ್ತಾ ಇದ್ದಾರೆ. ಹೇಳ್ಲಾ?"